ಡೊಂಬಿವಲಿಯ ಬಿಯರ್, ಮನೆಮಂದಿಯ ಮೇಜು

ಡೊಂಬಿವಲಿ ಅಂದರೆ ಜನಕ್ಕೆ ನೆನಪಾಗುವುದು ಬೆಳಗಿನ ಲೋಕಲ್ಲಿನ ನೂಕುನುಗ್ಗಲು, ನಾಟಕ-ಸಂಗೀತದ ಸಭೆಗಳು, ಎಂಐಡಿಸಿಯ ರಾಸಾಯನಿಕ ಕಾರ್ಖಾನೆಗಳು. ಇದೇ ಊರಿನಲ್ಲಿ ಒಳ್ಳೆಯ ಬಿಯರ್ ತಯಾರಾಯಿತು ಎಂದರೆ ಇಲ್ಲಿ ಹುಟ್ಟಿ ಬೆಳೆದವರೂ ಹುಬ್ಬೇರಿಸುತ್ತಾರೆ. ನವೀನ್ ಮಿತ್ತಲ್ ಮತ್ತವರ ಜೊತೆಗಾರರು ಕಟ್ಟಿದ ಗೇಟ್‌ವೇ ಬ್ರೂಯಿಂಗ್ ಕಂಪನಿಯ ಘಟಕ ಇದ್ದದ್ದು ಡೊಂಬಿವಲಿಯಲ್ಲೇ. 2014ರ ಹೊತ್ತಿಗೆ ಅಲ್ಲಿಂದ ಕೆಗ್ಗುಗಳು ಮುಂಬಯಿಯ ಬಾರುಗಳಿಗೆ ಹೊರಟವು. ಅವರ ವೈಟ್ ಝೆನ್ ಎಂಬ ಗೋಧಿ ಬಿಯರ್ ಕುಡಿದು ಕೊಲಾಬಾದವರು ತಲೆದೂಗಿದರು. ನಮ್ಮೂರಿನ ಮಟ್ಟಿಗೆ ಇದು ಸಣ್ಣ ಹೆಮ್ಮೆಯಲ್ಲ.

ಬಿಯರ್ ಈ ಭಾಗಕ್ಕೆ ಹೊಸತೇನಲ್ಲ. ತಳೋಜಾದಲ್ಲಿ ಯುನೈಟೆಡ್ ಬ್ರೂವರೀಸ್‌ನ ದೊಡ್ಡ ಕಾರ್ಖಾನೆ ಇದೆ. 1915ರಲ್ಲಿ ಥಾಮಸ್ ಲೀಷ್‌ಮನ್ ಕಟ್ಟಿದ, 1947ರಲ್ಲಿ ವಿಠಲ ಮಲ್ಯ ಮೊದಲ ಭಾರತೀಯ ನಿರ್ದೇಶಕರಾಗಿ ಬಂದ, ಬೆಂಗಳೂರಿನ ಕಂಪನಿ ಅದು. ಆದರೆ ಬಾಟಲಿಯ ಬಿಯರನ್ನು ತಿಂಗಳುಗಟ್ಟಲೆ ಕೆಡದಂತೆ ಇಡಬೇಕು, ಅದಕ್ಕಾಗಿ ಸೋಸಿ, ಬಿಸಿ ಮಾಡಿ ತುಂಬುತ್ತಾರೆ. ಸಣ್ಣ ಘಟಕದ ಬಿಯರಿಗೆ ಆ ರಕ್ಷಣೆ ಇಲ್ಲ. ಯೀಸ್ಟು ಅದರೊಳಗೇ ತೇಲುತ್ತಿರುತ್ತದೆ. ತಣ್ಣಗಿಟ್ಟರೆ ಕೆಲವು ವಾರ, ಬಿಸಿಲಿಗೆ ಬಿಟ್ಟರೆ ಮುಗಿಯಿತು. ಹಾಗಾಗಿಯೇ ಅದನ್ನು ಮಾಡಿದ ಜಾಗಕ್ಕೇ ಹೋಗಿ ಕುಡಿಯಬೇಕು ಎನ್ನುವುದು. ನಾನು ಇನ್ನೊಂದು ಮಾತು ಸೇರಿಸುತ್ತೇನೆ: ಮನೆಮಂದಿಯನ್ನೂ ಕರೆದುಕೊಂಡು ಹೋಗಬೇಕು.

ಈ ಮಾತು ನಮ್ಮವರಿಗೆ ಅಷ್ಟು ಬೇಗ ಒಗ್ಗುವುದಿಲ್ಲ, ಕಾರಣವೂ ಇದೆ. ಥಾಣೆ, ಕಲ್ಯಾಣ್, ಡೊಂಬಿವಲಿಯ ಬಾರ್-ರೆಸ್ಟೋರೆಂಟುಗಳನ್ನು ಬೆಳೆಸಿದವರಲ್ಲಿ ಕರಾವಳಿಯ ಶೆಟ್ಟರದೇ ದೊಡ್ಡ ಪಾಲು. ಅವರು ಕಟ್ಟಿದ ಹೋಟೆಲಿಗೆ ಒಂದು ನಕ್ಷೆ ಇತ್ತು. ಕೆಳಗೆ ಪರ್ಮಿಟ್ ರೂಮ್, ಮಂದ ಬೆಳಕು. ಮೆಟ್ಟಿಲು ಹತ್ತಿದರೆ ಎ.ಸಿ. ಫ್ಯಾಮಿಲಿ ಸೆಕ್ಷನ್. ಕುಡಿತ ಒಂದು ಕಡೆ, ಹೆಂಡತಿ ಮಕ್ಕಳು ಇನ್ನೊಂದು ಕಡೆ, ನಡುವೆ ಗೋಡೆ. 1949ರ ಪಾನನಿರೋಧ ಕಾಯ್ದೆ ಇನ್ನೂ ಜಾರಿಯಲ್ಲಿರುವ, ಕುಡಿಯುವವನ ಕೈಯಲ್ಲಿ ಪರವಾನಗಿ ಇರಬೇಕೆನ್ನುವ ರಾಜ್ಯದಲ್ಲಿ ಆ ಗೋಡೆ ಮರ್ಯಾದೆ ಕಾಪಾಡಿತು, ಮನೆಯವರೂ ನಿಶ್ಚಿಂತೆಯಿಂದ ಬರುವಂತೆ ಮಾಡಿತು. ಆದರೆ ಅದೇ ಗೋಡೆಯಿಂದಾಗಿ ಕುಡಿಯುವುದೆಂದರೆ ಕತ್ತಲಲ್ಲಿ ಬೇಗ ಮುಗಿಸುವ ಕೆಲಸ ಎಂಬ ಅಭ್ಯಾಸವೂ ಬೆಳೆಯಿತು.

ಬಿಯರ್ ಮಾಡಿ ಅಲ್ಲೇ ಬಡಿಸುವ ಬ್ರೂಪಬ್ಬಿನಲ್ಲಿ ಆ ಗೋಡೆ ಗಾಜಿನದು, ಆಚೆ ಟ್ಯಾಂಕುಗಳು. ಪುಣೆಯಲ್ಲಿ 2009ರಲ್ಲಿ ಡೂಲಾಲಿ ತೆರೆದ ಮೇಲೆ ಈ ಬಗೆ ಮಹಾರಾಷ್ಟ್ರದಲ್ಲಿ ನೆಲೆಯೂರಿತು. ಈಗ ಥಾಣೆ, ನವಿಮುಂಬಯಿಯಲ್ಲೂ ಹುಡುಕಿದರೆ ಸಿಗುತ್ತದೆ. ಡೂಲಾಲಿಯವರು ಮುಂಬಯಿಯ ತಮ್ಮ ಜಾಗಗಳಲ್ಲಿ ಬೋರ್ಡ್ ಗೇಮುಗಳನ್ನು ಇಟ್ಟದ್ದು ನನಗೆ ಬಹಳ ಇಷ್ಟವಾದ ಸಂಗತಿ. ಆಟ ಆಡುತ್ತಾ ಕೂತವರು ಗ್ಲಾಸು ಬರಿದುಮಾಡಲು ಆತುರಪಡುವುದಿಲ್ಲ.

ಹೋದವರು ಮೊದಲು ಕೇಳಬೇಕಾದ್ದು ಬಿಯರ್ ಅಲ್ಲ, ಒಂದು ಹಿಡಿ ಮಾಲ್ಟ್. ಮರ್ಯಾದೆಯಿಂದ ಕೇಳಿದರೆ ಸಾಮಾನ್ಯವಾಗಿ ತಂದುಕೊಡುತ್ತಾರೆ. ನಮ್ಮ ಅಮ್ಮ ಜೀವನದಲ್ಲಿ ಒಂದು ತೊಟ್ಟು ಕುಡಿದವರಲ್ಲ. ಥಾಣೆಯ ಒಂದು ಜಾಗದಲ್ಲಿ ಅಂಗೈಗೆ ಬಿದ್ದ ಕಾಳನ್ನು ಮೂಸಿ, ಎರಡನ್ನು ಹಲ್ಲಿಗೆ ಹಾಕಿ, "ಇದ್ ಮೊಳಕೆ ರಾಗಿ ಹುರ್ದ ವಾಸ್ನೆ ಅಲ್ದಾ?" ಅಂದರು. ಸರಿಯಾಗಿಯೇ ಹೇಳಿದರು. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಬಿಸಿಗಾಳಿಯಲ್ಲಿ ಹದವಾಗಿ ಹುರಿದರೆ ಮಾಲ್ಟ್. ಮೊಳಕೆ ಒಡೆಯುವಾಗ ಕಾಳಿನಲ್ಲಿ ಹುಟ್ಟಿದ ಕಿಣ್ವಗಳು, ಪುಡಿಮಾಡಿದ ಮಾಲ್ಟನ್ನು ಸುಮಾರು 65 ಡಿಗ್ರಿಯ ನೀರಲ್ಲಿ ಒಂದು ತಾಸು ಇಟ್ಟಾಗ ಪಿಷ್ಟವನ್ನು ಸಕ್ಕರೆಯಾಗಿಸುತ್ತವೆ. ಆ ಸಿಹಿನೀರನ್ನು ಹಾಪ್ಸ್ ಹೂವಿನ ಜೊತೆ ಕುದಿಸಿ ತಣಿಸಿದ ಮೇಲೆ ಯೀಸ್ಟಿನ ಪಾಳಿ. ಮಗಳು ಒಂಬತ್ತನೇ ಕ್ಲಾಸು. ಯೀಸ್ಟು ಸಕ್ಕರೆ ತಿಂದು ಆಲ್ಕೊಹಾಲನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ ಎಂದು ಪಾಠದಲ್ಲಿ ಓದಿದವಳು, ಟ್ಯಾಂಕಿನ ಕೊಳವೆಯಿಂದ ಬಕೆಟ್ಟಿನ ನೀರಿಗೆ ಗುಳ್ಳೆಗಳು ಬರುವುದನ್ನು ನೋಡುತ್ತಾ ಅಲ್ಲೇ ನಿಂತುಬಿಟ್ಟಳು. ಬಿಯರ್ ಎಂದರೆ ಧಾನ್ಯ, ನೀರು, ಬೆಂಕಿ, ತಾಳ್ಮೆ ಬೇಡುವ ಅಡುಗೆ. ಅದನ್ನು ಮನೆಯವರು ಕಣ್ಣಾರೆ ಕಂಡರೆ ಮೇಜಿನ ಮಾತೇ ಬೇರೆಯಾಗುತ್ತದೆ.

ಕುಡಿಯುವವರು ಸ್ಯಾಂಪ್ಲರ್ ತರಿಸಲಿ, ಪುಟ್ಟ ಗ್ಲಾಸುಗಳ ತಟ್ಟೆ. ಗೋಧಿ ಬಿಯರಿನಿಂದ ಶುರುಮಾಡಿ. ಮಬ್ಬು ಹಳದಿ, ಮೇಲೆ ದಪ್ಪ ನೊರೆ. ಮೂಗಿಗೆ ಹಿಡಿದರೆ ಮಾಗಿದ ಬಾಳೆಹಣ್ಣು, ಹಿಂದೆಯೇ ಲವಂಗ. ಬಾಳೆಹಣ್ಣನ್ನೂ ಹಾಕಿಲ್ಲ, ಲವಂಗವನ್ನೂ ಹಾಕಿಲ್ಲ; ಎರಡೂ ಆ ಜಾತಿಯ ಯೀಸ್ಟಿನ ಕೊಡುಗೆ. ಮಂಜುಗಡ್ಡೆಯಷ್ಟು ತಣ್ಣಗೆ ಕೊಟ್ಟರೆ ಈ ಪರಿಮಳ ಅಡಗಿಕೊಳ್ಳುತ್ತದೆ. ಐದು ನಿಮಿಷ ಹಾಗೇ ಬಿಡಿ. ಕುಡಿಯದವರೂ ಮೂಸಿ ನೋಡಬಹುದು. ನಮ್ಮನೆಯಲ್ಲಿ ಲವಂಗವನ್ನು ಮೊದಲು ಗುರುತಿಸಿದ್ದು ಅಮ್ಮನೇ.

ಊಟದ ವಿಷಯದಲ್ಲಿ ನನ್ನದು ಖಡಾಖಂಡಿತ ಅಭಿಪ್ರಾಯ. ಬಂಗುಡೆ ಫ್ರೈಗೆ, ಇಲ್ಲಿಯ ಬೊಂಬಿಲಿಗೆ ಗೋಧಿ ಬಿಯರ್ ಹೇಳಿಮಾಡಿಸಿದ್ದು. ಕಹಿ ಕಡಿಮೆ, ಗುಳ್ಳೆ ಹೆಚ್ಚು, ನಾಲಿಗೆಯ ಎಣ್ಣೆಯನ್ನು ತೊಳೆಯುತ್ತದೆ. ಗಸಿಯ ಜೊತೆ ಐಪಿಎ ಎಂಬ ಕಹಿ ಬಿಯರ್ ಬೇಡ. ಹಾಪ್ಸಿನ ಕಹಿ ಮೆಣಸಿನ ಖಾರವನ್ನು ಇನ್ನಷ್ಟು ಕೆರಳಿಸುತ್ತದೆ, ಮಸಾಲೆಯ ಸೂಕ್ಷ್ಮವೆಲ್ಲ ಹೋಗುತ್ತದೆ. ಐಪಿಎಯನ್ನು ಊಟಕ್ಕೆ ಮೊದಲು, ಹುರಿದ ಶೇಂಗಾ ಜೊತೆ ಮುಗಿಸಿಬಿಡಿ.

ಮಹಾರಾಷ್ಟ್ರದಲ್ಲಿ ಬಿಯರಿಗೆ 21 ವರ್ಷ, ವಿಸ್ಕಿ-ರಮ್ಮಿಗೆ 25 ತುಂಬಿರಬೇಕು. ಮಕ್ಕಳಿಗೆ ರುಚಿ ತೋರಿಸುವುದೂ ಸಲ್ಲದು. ಮಕ್ಕಳನ್ನು ಎಷ್ಟು ಹೊತ್ತಿನವರೆಗೆ ಒಳಗೆ ಬಿಡುತ್ತಾರೆ ಎನ್ನುವುದು ಒಂದೊಂದು ಕಡೆ ಒಂದೊಂದು ಥರ, ಮೊದಲೇ ಫೋನಿನಲ್ಲಿ ವಿಚಾರಿಸಿ. ಭಾನುವಾರ ಮಧ್ಯಾಹ್ನ ಒಳ್ಳೆಯದು, ಸಂಗೀತದ ಗದ್ದಲ ಇರುವುದಿಲ್ಲ, ಬ್ರೂವರ್ ಇದ್ದರೆ ಮಾತಿಗೂ ಸಿಗುತ್ತಾರೆ. ಕಾರು ಮನೆಯಲ್ಲೇ ಇರಲಿ, ಡೊಂಬಿವಲಿಯಿಂದ ಥಾಣೆಗೆ ಲೋಕಲ್ ಇದೆ, ಥಾಣೆಯಿಂದ ವಾಶಿಗೂ ಇದೆ. ಬಿಯರ್ ತರಿಸುವ ಮೊದಲು ಅದು ಯಾವಾಗ ತಯಾರಾದದ್ದು ಎಂದು ಕೇಳಿ. ತಾರೀಖು ಹೇಳಿದರೆ ತರಿಸಿ, ತಡವರಿಸಿದರೆ ಅವತ್ತಿಗೆ ಎಲ್ಲರಿಗೂ ನಿಂಬೆ ಸೋಡಾ ಸಾಕು.