ಬೆಚ್ಚನೆಯ ಸೂಪು

ಎಲೆಮ್ ಕ್ಲಿಮೋವ್ ಅವರ 1985ರ ಸೋವಿಯತ್ ಚಿತ್ರ ‘ಕಮ್ ಅಂಡ್ ಸೀ’ ನೋಡಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಕಾಡಿದ್ದು ಗುಂಡಿನ ಸದ್ದಲ್ಲ, ಒಂದು ಪಾತ್ರೆ ಸೂಪು.

1943ರ ಬೆಲಾರೂಸ್. ನಾಜಿಗಳ ವಿರುದ್ಧದ ಗೆರಿಲ್ಲಾ ಪಡೆ ಸೇರಿದ ಹುಡುಗ ಫ್ಲ್ಯೋರಾ, ಗ್ಲಾಶಾ ಎಂಬ ಹುಡುಗಿಯೊಂದಿಗೆ ಊರಿಗೆ ಮರಳುತ್ತಾನೆ. ಮನೆಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಸೂಪು ಮಾತ್ರ ಇನ್ನೂ ಬೆಚ್ಚಗಿದೆ. ನೆಲದ ಮೇಲೆ ತಂಗಿಯರ ಗೊಂಬೆಗಳು, ಎಲ್ಲೆಲ್ಲೂ ನೊಣಗಳ ಗುಂಯ್ ಸದ್ದು. ಎಲ್ಲರೂ ಎಲ್ಲೋ ಅಡಗಿದ್ದಾರೆಂದು ನಂಬಿ ಅವನು ಓಡುತ್ತಾನೆ. ಅವನ ಹಿಂದೆ ಓಡುವ ಗ್ಲಾಶಾ ಒಮ್ಮೆ ತಿರುಗುತ್ತಾಳೆ: ಮನೆಯ ಹಿಂಗೋಡೆಗೆ ಒಟ್ಟಿದ ಹೆಣಗಳ ರಾಶಿ. ಕಣ್ಣು ಮಿಟುಕಿಸುವಷ್ಟು ಹೊತ್ತು, ಅಷ್ಟೇ. ಅವನು ನೋಡುವುದೇ ಇಲ್ಲ. ಕ್ಯಾಮೆರಾ ಅಲ್ಲಿ ನಿಂತಿದ್ದರೆ ನಾನು ಮುಖ ತಿರುಗಿಸಿಬಿಡುತ್ತಿದ್ದೆ. ನಿಲ್ಲದ್ದರಿಂದಲೇ ಆ ರಾಶಿ ನನ್ನೊಳಗೆ ಉಳಿಯಿತು.

ಅದಕ್ಕೂ ಮೊದಲು ಬಾಂಬ್ ಬಿದ್ದಾಗ ಹುಡುಗನ ಕಿವಿ ಮುಚ್ಚಿಹೋಗುತ್ತದೆ. ನಮಗೂ ಆಮೇಲೆ ಮಾತುಗಳು ನೀರೊಳಗಿನಿಂದ ಬಂದಂತೆ ಕೇಳುತ್ತವೆ.

ಚಿತ್ರಕಥೆಯ ಸಹಲೇಖಕ ಅಲೆಸ್ ಅದಮೋವಿಚ್ ಹದಿಹರೆಯದಲ್ಲೇ ಅಂಥ ಗೆರಿಲ್ಲಾ ಪಡೆಯಲ್ಲಿದ್ದವರು. ಇಲ್ಲಿ ಪರಾಕ್ರಮದ ವೈಭವೀಕರಣ ಇಲ್ಲದಿರುವುದಕ್ಕೆ ಅದೂ ಕಾರಣವಿರಬೇಕು. ಹುಡುಗನಾಗಿ ನಟಿಸಿದ ಅಲೆಕ್ಸೈ ಕ್ರಾವ್‌ಚೆಂಕೊ ಅವರ ಮುಖವನ್ನೇ ನೋಡುತ್ತಿರಿ. ಮೊದಲಿಗೆ ಬಂದೂಕು ಸಿಕ್ಕ ಖುಷಿಗೆ ಹಲ್ಲುಕಿರಿಯುವ ಮುಖ. ಕೊನೆಗೆ ಸುಕ್ಕುಗಟ್ಟಿದ ಹಣೆ, ಬಿರಿದ ತುಟಿ, ರೆಪ್ಪೆ ಬಡಿಯದ ಮುದುಕನ ಕಣ್ಣು.