ಎರಡು ತಾರೀಖು, ಅರ್ಧ ಗಂಟೆ

ನರವಿಜ್ಞಾನಿ ಆಂಟೋನಿಯೊ ಡಮಾಸಿಯೊ ಅವರ ‘ಡೆಕಾರ್ಟ್ಸ್ ಎರರ್’ (1994) ಪುಸ್ತಕದಲ್ಲಿ ಒಬ್ಬ ರೋಗಿ ಬರುತ್ತಾನೆ. ಹಣೆಯ ಹಿಂದಿನ ಮಿದುಳಿನ ಭಾಗಕ್ಕೆ ಹಾನಿಯಾದವನು. ಮುಂದಿನ ಭೇಟಿಗೆ ಎರಡು ತಾರೀಖು ಸೂಚಿಸಿದರೆ, ಡೈರಿ ತೆಗೆದು ಹೆಚ್ಚುಕಡಿಮೆ ಅರ್ಧ ಗಂಟೆ ಅಳೆದು ಸುರಿಯುತ್ತಾನೆ: ಆವತ್ತಿನ ಬೇರೆ ಕೆಲಸ, ಹಿಂದುಮುಂದಿನ ಭೇಟಿಗಳು, ಹವಾಮಾನ. ತರ್ಕದಲ್ಲಿ ಎಲ್ಲೂ ಲೋಪವಿಲ್ಲ. ಕೊನೆಗೆ ವೈದ್ಯರೇ ಎರಡನೆಯ ದಿನ ಬನ್ನಿ ಎಂದಾಗ ತಕರಾರಿಲ್ಲದೆ ಒಪ್ಪಿ ಎದ್ದುಹೋಗುತ್ತಾನೆ. ‘ಸಾಕು, ಬಿಡು’ ಎಂದು ಗದರುವ ಬೇಸರ, ಮುಜುಗರ ಅವನೊಳಗೆ ಹುಟ್ಟುವುದೇ ಇಲ್ಲ. ಭಾವನೆಯ ಆಸರೆಯಿಲ್ಲದ ವಿಚಾರಶಕ್ತಿ ಕುಂಟುತ್ತದೆ ಎಂಬ ವಾದಕ್ಕೆ ಪುಸ್ತಕದಲ್ಲಿ ಇದಕ್ಕಿಂತ ಗಟ್ಟಿ ಸಾಕ್ಷಿ ನನಗೆ ಸಿಗಲಿಲ್ಲ.

ಡಮಾಸಿಯೊ ತಂಡದ ಹೆಸರಾಂತ ಇಸ್ಪೀಟು ಪ್ರಯೋಗವನ್ನೂ ಸೇರಿಸಿಯೇ ಈ ಮಾತು. ನಾಲ್ಕು ಕಟ್ಟು ಎಲೆ. ಎರಡರಲ್ಲಿ ಕೈತುಂಬ ಲಾಭ, ಅದನ್ನು ನುಂಗುವಷ್ಟು ದಂಡ. ಉಳಿದೆರಡರಲ್ಲಿ ಲಾಭ ಕಡಿಮೆ, ಕೊನೆಗೆ ಉಳಿತಾಯ. ಯಾವುದು ಕೆಟ್ಟದ್ದೆಂದು ಬಾಯಲ್ಲಿ ಹೇಳಲು ಬರುವ ಮೊದಲೇ ಆರೋಗ್ಯವಂತರ ಅಂಗೈ ಬೆವರುತ್ತದೆ ಎಂದು ಅದೇ ತಂಡ 1997ರಲ್ಲಿ ಬರೆಯಿತು. ಆದರೆ 2004ರಲ್ಲಿ ಮಾಯಾ ಮತ್ತು ಮೆಕ್‌ಲೆಲೆಂಡ್ ಎಂಬ ಸಂಶೋಧಕರು ಆಟಗಾರರನ್ನು ಇನ್ನಷ್ಟು ಬಿಡಿಸಿ ಕೇಳಿದಾಗ, ಅವರಿಗೆ ಎಲೆಗಳ ಗುಟ್ಟು ಸಾಕಷ್ಟು ಮೊದಲೇ ಗೊತ್ತಿತ್ತು. ಮೈ ಮೊದಲು, ಬುದ್ಧಿ ಆಮೇಲೆ ಎಂಬ ಲೆಕ್ಕ ಅಲ್ಲಿಗೆ ಸಡಿಲವಾಯಿತು.

ಫಿನಿಯಸ್ ಗೇಜ್‌ನ ಕತೆಯನ್ನಂತೂ ಡಮಾಸಿಯೊ ಕಾದಂಬರಿಕಾರನಂತೆ ಹೇಳುತ್ತಾರೆ. 1848ರಲ್ಲಿ ರೈಲುದಾರಿಯ ಕೆಲಸದಲ್ಲಿ ಕಬ್ಬಿಣದ ಸಲಾಕೆ ತಲೆ ತೂರಿ ಹೋದರೂ ಬದುಕಿದವನು, ಸ್ವಭಾವ ಕೆಟ್ಟು ಬಾಳು ಹಾಳಾದವನು. ಆದರೆ ಇದೇ ಗೇಜ್ ಮುಂದೆ ಚಿಲಿಯಲ್ಲಿ ವರ್ಷಗಟ್ಟಲೆ ಕುದುರೆ ಗಾಡಿ ಓಡಿಸಿದ. ಮುಂದಾಲೋಚನೆ ಪೂರ್ತಿ ಸತ್ತವನಿಗೆ ಪ್ರಯಾಣಿಕರನ್ನು ಹೊತ್ತ ಗಾಡಿಯ ಲಗಾಮು ಯಾರು ಕೊಡುತ್ತಾರೆ? ಡಮಾಸಿಯೊ ಅಲ್ಲಿ ಲಗುಬಗೆಯಿಂದ ದಾಟಿಬಿಡುತ್ತಾರೆ. ಪುಸ್ತಕದ ತಲೆಬರಹವೇ ತಪ್ಪು ಹೊರಿಸಿದ ಆರೋಪಿಗೂ ಅನ್ಯಾಯವೇ: 1649ರಲ್ಲಿ ಭಾವಾವೇಗಗಳ ಬಗ್ಗೆಯೇ ಒಂದು ಪುಸ್ತಕ ಬರೆದು, ಅವು ಸ್ವಭಾವತಃ ಒಳ್ಳೆಯವೇ ಎಂದವನು ತತ್ವಜ್ಞಾನಿ ಡೆಕಾರ್ಟ್.

ನನ್ನ ದೊಡ್ಡ ತಕರಾರು ಬೇರೆ. ಬಾಡಿಗೆಗೆ ಮನೆ ಕೇಳಲು ಬಂದವನ ಹೆಸರು ಕಿವಿಗೆ ಬಿದ್ದೊಡನೆ ಮಾಲೀಕನ ಹೊಟ್ಟೆಯೊಳಗೆ ಏನೋ ಆಗುತ್ತದೆ. ಮನೆ ಖಾಲಿಯಿಲ್ಲ ಎಂದುಬಿಡುತ್ತಾನೆ. ಅಂಗೈ ಬೆವರಿನಂತೆ ಅದೂ ಕೇಳಿದ ಮಾತು, ಕಂಡ ನಡತೆ ಮೈಗೂಡಿ ಬಂದ ಸೂಚನೆಯೇ. ಭಾವನೆ ದಾರಿ ತಪ್ಪಿಸಬಲ್ಲದೆಂದು ಡಮಾಸಿಯೊ ಒಪ್ಪುತ್ತಾರೆ, ನಿಜ. ಆದರೆ ಯಾವ ಸೂಚನೆಯನ್ನು ನಂಬಬೇಕು, ಯಾವುದನ್ನು ಕೊಡವಿಕೊಳ್ಳಬೇಕು ಎಂದು ಕೇಳುವ ಹೊತ್ತಿಗೆ ಪುಸ್ತಕ ಮತ್ತೆ ಆಸ್ಪತ್ರೆಯ ವಾರ್ಡಿನತ್ತ ಮುಖ ತಿರುಗಿಸಿರುತ್ತದೆ.