ಹೈಟಿಯ ಸೋರೆ, ಪಟ್ಟಣದ ಆನೆ

ಈ ವಾರ ಹೈಟಿ ದೇಶದ ಗೂರ್ದ್ ಬಗ್ಗೆ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಕೊಟ್ಟ ಮೇಲೆ ನಾಲ್ಕು ಸಾಲಾದರೂ ಬರೆಯಬೇಕು. ಕೆರಿಬಿಯನ್ ಸಮುದ್ರದ ಆ ನಾಡಿಗೆ 1813ರಲ್ಲಿ ಬಂದ ಹಣ ಅದು. ಒಂದು ಗೂರ್ದ್‌ಗೆ ನೂರು ಸೆಂಟೀಮ್. 1912ರಿಂದ ಬಹಳ ಕಾಲ ಐದು ಗೂರ್ದ್‌ಗೆ ಒಂದು ಅಮೆರಿಕನ್ ಡಾಲರ್ ಎಂದು ಕಟ್ಟಿಹಾಕಿದ್ದರು. ಹಣಕ್ಕೆ ಸೋರೆಯ ಹೆಸರು ಬಂದದ್ದಕ್ಕೊಂದು ಕತೆಯಿದೆ: ಖಜಾನೆ ಬರಿದಾದಾಗ ದೊರೆ ಆನ್ರಿ ಕ್ರಿಸ್ಟಾಫ್ ಊರೂರಿನ ಸೋರೆಬುರುಡೆಗಳನ್ನೆಲ್ಲ ಸರ್ಕಾರದ ಸ್ವತ್ತೆಂದು ಸಾರಿ, ಅವನ್ನೇ ಕೊಟ್ಟು ರೈತರಿಂದ ಕಾಫಿ ಕೊಂಡನಂತೆ. ಕತೆ ಸೊಗಸಾಗಿದೆ. ಆದರೆ ಸೋರೆಬುರುಡೆಯನ್ನು ಆಲ್ಬಮ್ಮಿಗೆ ಸೇರಿಸಲು ಬರುವುದಿಲ್ಲ.

ಹೈಟಿಯ ಗುಲಾಮರು ಫ್ರೆಂಚ್ ಒಡೆಯರ ಮೇಲೆ ತಿರುಗಿಬಿದ್ದದ್ದು 1791ರಲ್ಲಿ. ಅದೇ ವರ್ಷ ನಮ್ಮ ದೇವನಹಳ್ಳಿ ಕೋಟೆ ಟಿಪ್ಪು ಸುಲ್ತಾನನ ಕೈತಪ್ಪಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಕೈಸೇರಿತು. ಇಷ್ಟು ನೆನಪಾದ ಮೇಲೆ ಲೇಖನಿ ಹೈಟಿಯಲ್ಲಿ ನಿಲ್ಲಲೊಲ್ಲದು. ಟಿಪ್ಪುವಿನ ಆನೆಕಾಸಿನ ಕಡೆಗೇ ಎಳೆಯುತ್ತದೆ.

ಚಿನ್ನದ ಹಿಂದೆ ಬಿದ್ದವರೊಡನೆ ನನ್ನ ಜಗಳ ಹಳೆಯದು. ಟಿಪ್ಪುವಿನ ಚಿನ್ನದ ನಾಣ್ಯಗಳಾದ ಅಹ್ಮದಿ, ಫಾರೂಕಿಗಳನ್ನು ಹರಾಜಿನಲ್ಲಿ ಹಿಡಿದು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲು ಮಾಡಿಸಿ, ಬ್ಯಾಂಕ್ ಲಾಕರಿಗೆ ಹಾಕುತ್ತಾರೆ. ನಾಣ್ಯವನ್ನು ಬೆರಳಲ್ಲಿ ಹಿಡಿಯದವರು ಅದೇನು ಸಂಗ್ರಾಹಕರೋ! ಸಂತೆಯಲ್ಲಿ ಸೊಪ್ಪು ಕೊಂಡದ್ದು, ಸುಂಕ ಕಟ್ಟಿದ್ದು ತಾಮ್ರ. ಆ ತಾಮ್ರಕ್ಕೂ ಸುಲ್ತಾನ ಆಕಾಶದಿಂದ ಹೆಸರು ತಂದಿಟ್ಟ. ಪೈಸೆ ಝೊಹ್ರಾ, ಅಂದರೆ ಶುಕ್ರ. ಅರ್ಧ ಪೈಸೆ ಬಹ್ರಾಮ್, ಅಂದರೆ ಮಂಗಳ. ಕಾಲಿಗೆ ಅಖ್ತರ್, ಅರೆಕಾಲಿಗೆ ಕುತ್ಬ್. ಎರಡು ಪೈಸೆಯ ದೊಡ್ಡ ಬಿಲ್ಲೆಯಲ್ಲಿ ಆನೆ ಬಾವುಟ ಹೊತ್ತಿರುತ್ತದೆ.

ಒಂದು ಝೊಹ್ರಾವನ್ನು ಅಂಗೈಯಲ್ಲಿಟ್ಟು ನೋಡಿ. ಹನ್ನೊಂದು ಗ್ರಾಂ ಆಸುಪಾಸಿನ ತೂಕ. ಒಂದು ಕಡೆ ಆನೆ, ಇನ್ನೊಂದು ಕಡೆ ಪಾರ್ಸಿ ಬರಹದಲ್ಲಿ ಟಂಕಸಾಲೆಯ ಹೆಸರು. ಇಸವಿಯಲ್ಲಿ ಹೊಸಬರು ಎಡವುತ್ತಾರೆ. ಟಿಪ್ಪು ಮೌಲೂದಿ ಎಂಬ ಹೊಸ ಶಕೆ ತಂದ ಮೇಲೆ ಅಂಕಿಗಳನ್ನು ಬಲದಿಂದ ಎಡಕ್ಕೆ ಕೂರಿಸಿದ್ದಾರೆ. ನಮ್ಮ ಅಭ್ಯಾಸದಂತೆ ಓದಿದರೆ 1215 ಎಂಬುದು 5121 ಆಗುತ್ತದೆ. 1221 ಮಾತ್ರ ಯಾವ ಕಡೆಯಿಂದ ಓದಿದರೂ ಅದೇ, ಅದಕ್ಕೇ ಕಲಿಯುವವರಿಗೆ ಆ ವರ್ಷದ್ದನ್ನು ಎಂದೂ ಮೊದಲು ಕೊಡಬೇಡಿ.

ಇನ್ನೊಂದು ತಕರಾರು. ಟಿಪ್ಪು ಹುಟ್ಟಿದ ಊರೆಂದು ಪ್ರವಾಸಿಗರಿಗೆ ‘ದೇವನಹಳ್ಳಿ ಟಂಕಸಾಲೆಯ ಕಾಸು’ ಮಾರುವವರಿದ್ದಾರೆ. ಊರಿಗೆ ಯೂಸುಫಾಬಾದ್ ಎಂಬ ಹೊಸ ಹೆಸರು ಬಂತು ನಿಜ, ಟಂಕಸಾಲೆ ಬರಲಿಲ್ಲ. ಹೆಂಡರ್ಸನ್ ಸಾಹೇಬರು 1921ರಲ್ಲಿ ಮದರಾಸಿನಲ್ಲಿ ಅಚ್ಚು ಹಾಕಿಸಿದ ಹೈದರ್-ಟಿಪ್ಪು ನಾಣ್ಯಗಳ ಪುಸ್ತಕವನ್ನು ಇವರಾರೂ ಬಿಡಿಸಿ ನೋಡಿಲ್ಲ. ಪಟ್ಟಣ ಅಂದರೆ ಶ್ರೀರಂಗಪಟ್ಟಣ, ನಗರ ಅಂದರೆ ಬಿದನೂರು, ಬೆಂಗಳೂರು, ಫರ್ರುಖ್‌ಯಾಬ್ ಹಿಸಾರ್ ಆದ ಚಿತ್ರದುರ್ಗ, ಹೀಗೆ ಟಂಕಸಾಲೆಗಳು ಸಾಲಾಗಿವೆ. ನಮ್ಮ ಜಿಲ್ಲೆಯ ಪಾಲಿಗೆ ಹತ್ತಿರದ್ದು ಬೆಂಗಳೂರೇ.

1799ರಲ್ಲಿ ಸುಲ್ತಾನ ಹೋದ, ಆನೆ ಉಳಿಯಿತು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅದರ ನೆತ್ತಿಯ ಮೇಲೆ ಸೂರ್ಯಚಂದ್ರರು ಬಂದರು, ಆಮೇಲೆ ‘ಶ್ರೀ’ ಬಂತು, ಹಿಂಬದಿಯಲ್ಲಿ ಕನ್ನಡದ ‘ಮಾಯಿಲಿ ಕಾಸು’ ಜೊತೆಗೆ ಇಂಗ್ಲಿಷ್ ಅಕ್ಷರವೂ ಹತ್ತಿ ಕೂತಿತು. ಕಡೆಗೆ ಆನೆಯನ್ನು ಸಿಂಹ ಓಡಿಸಿತು. 1843ರಲ್ಲಿ ಮೈಸೂರು ಸಂಸ್ಥಾನದ ಟಂಕಸಾಲೆಯೇ ಮುಚ್ಚಿತು. ಸಿಂಹದ ಕಾಸು ನನಗೆ ಅಷ್ಟಕ್ಕಷ್ಟೆ. ಅದರಲ್ಲಿ ಬರಹವೇ ಹೆಚ್ಚು, ಪ್ರಾಣಿ ಕಡಿಮೆ.

ಹಿರಿಯರ ಪೆಟ್ಟಿಗೆಯಲ್ಲಿ ಆನೆಕಾಸು ಸಿಕ್ಕಿದರೆ ದಯಮಾಡಿ ಹುಣಸೆಹಣ್ಣು ಹಾಕಿ ಉಜ್ಜಬೇಡಿ. ಕಿಲುಬಿನ ಜೊತೆ ಇಸವಿಯೂ ಹೋಗುತ್ತದೆ, ಬೆಲೆಯೂ ಹೋಗುತ್ತದೆ. ಲೇಔಟ್‌ಗೆಂದು ಹೊಲ ಅಗೆಯುವಾಗ ಕುಡಿಕೆ ಸಿಕ್ಕಿದರೆ ಮಾತು ಬೇರೆ: ಕರ್ನಾಟಕದ ನಿಧಿ ಕಾಯ್ದೆಯ ಪ್ರಕಾರ ಆ ನಿಧಿಯ ವಿಷಯವನ್ನು ಜಿಲ್ಲಾಧಿಕಾರಿಗೆ ಬರೆದು ತಿಳಿಸಲೇಬೇಕು.